ದಂಡೆಯ ಮೇಲಿಂದ ಕೂಗಿದ ಮಾತು

ಪುಟ್ಟೀ, ಗುಂಡಾ,

ದೋಣಿ ಪಂದ್ಯದಿಂದ ನಿಮ್ಮ ಅಮ್ಮ ಅಪ್ಪ ಪದಕವಿಲ್ಲದೆ ಯಾಕೆ ಬಂದರು ಎಂದು ನೀವು ಅವತ್ತು ಕೇಳಿದಿರಿ. "ನಿಮ್ಮ ಅಜ್ಜಿಯನ್ನ ಕೇಳ್ರಿ" ಎಂದು ನಿಮ್ಮ ಅಮ್ಮ ಒಳಗೆ ಹೋದಳು. ನೀವು ನನ್ನ ಮುಖ ನೋಡಿದಿರಿ, ನಾನು ನೆಲ ನೋಡಿದೆ. ಎದುರು ಕೂತು ಹೇಳಲು ನನಗೆ ಬಾಯಿ ಏಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದಲು ಇನ್ನೂ ಬರುವುದಿಲ್ಲ ಎಂಬುದು ಗೊತ್ತು. ಬಂದ ಮೇಲೆ ಓದಿ.

ಗೋರ್ವಾದ ನಮ್ಮ ಮನೆಯ ಮೆಟ್ಟಿಲ ಕೆಳಗೆ ಮಲಗಿಸಿಟ್ಟಿದೆಯಲ್ಲ, ಬೆಂಡೆಕಾಯಿಯ ಹಾಗೆ ಸಪೂರವಾದ ಹಳದಿ ದೋಣಿ, ಅದಕ್ಕೆ ಕಯಾಕ್ ಎನ್ನುತ್ತಾರೆ. ಇಬ್ಬರು ಕಾಲು ಚಾಚಿ ಒಬ್ಬರ ಹಿಂದೊಬ್ಬರು ಕೂತು ಹುಟ್ಟು ಹಾಕಬೇಕು. ಪಂದ್ಯವೆಂದರೆ ಮಹೀ ನದಿಯಲ್ಲಿ ಎರಡು ದಿನ ಅದನ್ನು ನಡೆಸುವುದು. ಊರಿಲ್ಲ, ಸೇತುವೆಯಿಲ್ಲ, ಎರಡೂ ಕಡೆ ಎತ್ತರದ ಮಣ್ಣಿನ ಕೊರಕಲು. ದಾರಿ ತೋರಿಸುವವರು ಯಾರೂ ಇಲ್ಲ. ಫೋನುಗಳನ್ನು ಚೀಲದಲ್ಲಿ ಹಾಕಿ ಮುದ್ರೆ ಒತ್ತಿಬಿಡುತ್ತಾರೆ. ಕೈಯಲ್ಲಿ ನಕ್ಷೆ, ದಿಕ್ಸೂಚಿ ಅಷ್ಟೇ. ನದಿ ಅಲ್ಲಲ್ಲಿ ಮರಳುದಿಬ್ಬ ಸುತ್ತಿ ಕವಲೊಡೆಯುತ್ತದೆ. ಯಾವ ಕವಲು ಸರಿ ಎಂದು ತಾವೇ ಕಂಡುಕೊಳ್ಳಬೇಕು. ಒಂದೊಂದು ದೋಣಿಗೆ ದಂಡೆಯ ಮೇಲೆ ಒಬ್ಬರು ಸಹಾಯಕರು. ಅವರು ಗೊತ್ತಾದ ಜಾಗದಲ್ಲಿ ಊಟ, ನೀರು ಕೊಡಬಹುದು. ದಾರಿ ಮಾತ್ರ ಹೇಳಬಾರದು. ಹೇಳಿದರೆ ದೋಣಿ ಪಂದ್ಯದಿಂದ ಹೊರಗೆ.

ನಮ್ಮ ದೋಣಿಯ ಸಹಾಯಕಿ ನಾನು. ಬೇರೆ ಯಾರೂ ಸಿಗಲಿಲ್ಲ.

ನಿಮ್ಮ ಅಮ್ಮನಿಗೆ ಈ ಪಂದ್ಯ ಮುಗಿಸುವುದು ಎಷ್ಟು ಮುಖ್ಯವಾಗಿತ್ತೆಂದು ನೀವು ತಿಳಿಯಬೇಕು. ಗುಂಡ ಹುಟ್ಟಿದ ಮೇಲೆ ಅವಳ ಮೈ ಬಹಳ ಬಂತು. ಬ್ಯಾಂಕಿನಲ್ಲಿ ಅವಳ ಜೊತೆಯವರು ಲಿಫ್ಟಿಗೆ ಅವಳು ಹತ್ತಿದರೆ ತಾವು ಇಳಿಯುವ ನಾಟಕ ಮಾಡಿ ನಗುತ್ತಿದ್ದರಂತೆ. ದೋಣಿಯ ಹುಚ್ಚು ಹಿಡಿದದ್ದು ಆ ಮೇಲೆ. ಹೋದ ವರ್ಷದ ಪಂದ್ಯದಲ್ಲಿ ಜೊಂಡಿನ ನಡುವೆ ದಾರಿ ತಪ್ಪಿ, ವೇಳೆ ಮೀರಿ ಬಂದಳು. ಮುಗಿಸಿದವರಿಗೆಲ್ಲ ಒಂದು ಪದಕ ಕೊಡುತ್ತಾರೆ. ಅದನ್ನು ಬ್ಯಾಂಕಿನ ತನ್ನ ಮೇಜಿನ ಮೇಲ್ಗಡೆ ತೂಗು ಹಾಕುತ್ತೇನೆ ಎನ್ನುತ್ತಿದ್ದಳು. ಅಷ್ಟೇ ಅವಳ ಆಸೆ. ಇಂಥ ಆಸೆ ತಪ್ಪು ಎಂದು ನಾನು ಹೇಳುವುದಿಲ್ಲ.

ಹೊರಡುವ ಹಿಂದಿನ ದಿನ ನಾನು ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಸವರಿ ಸುರುಳಿ ಸುತ್ತುತ್ತಿದ್ದೆ. ಅವಳು ಬಂದು ಪಕ್ಕದಲ್ಲಿ ಕೂತಳು.

"ಅವ್ವಾ, ನಾಳೆ ನಾವು ತಪ್ಪು ಕವಲಿಗೆ ಹೊಂಟಿದ್ದು ಕಂಡ್ರ ಕನ್ನಡದಾಗ ಕೂಗಿಬಿಡು. ಅಲ್ಲಿ ಯಾರಿಗೆ ತಿಳೀತೈತಿ?"

"ದಾರಿ ಹೇಳಬಾರದು ಅಂದಿದ್ದಿಯಲ್ಲ?"

"ಎಲ್ಲಾರೂ ಹೇಳ್ತಾರವ್ವಾ. ಅವರು ಸೀಟಿ ಹೊಡೀತಾರ, ನಮ್ಮ ಕಡೆ ಕನ್ನಡ ಐತಿ."

ನಿಮ್ಮ ಅಪ್ಪ ಬಾಗಿಲಲ್ಲಿ ನಿಂತು ನಕ್ಕರು. "ನಿಮ್ಮವ್ವ ಕೂಗೂದು? ಚಾ ಬೇಕೇನು ಅಂತ ಕೇಳಿದ್ದು ನನಗ ಇನ್ನೂ ಒಮ್ಮೆ ಕೇಳಿಸಿಲ್ಲ!"

ಅವರ ಎದುರು ನಾನು ತಲೆಯ ಸೆರಗು ಸರಿಮಾಡಿಕೊಂಡು ಮತ್ತೊಂದು ರೊಟ್ಟಿ ಸುತ್ತಿದೆ. ಆದರೆ ಬಾಯಿಗೆ ಜಿರಳೆ ಬಿದ್ದ ಹಾಗಾಯಿತು. ನೀವಿಬ್ಬರೂ ಹಿಂದಿಯಲ್ಲಿ ಜಗಳವಾಡುತ್ತೀರಿ, ಗುಜರಾತಿಯಲ್ಲಿ ಆಡುತ್ತೀರಿ. ನಿಮ್ಮ ಅಜ್ಜ ಹೋದ ಮೇಲೆ ಈ ಗುಜರಾತಿ ಊರಿನಲ್ಲಿ ನನ್ನ ಮಾತಿಗೆ ಕೆಲಸವೇ ಇರಲಿಲ್ಲ. ಎಷ್ಟೋ ಕಾಲದ ಮೇಲೆ ಒಂದು ಕೆಲಸ ಸಿಕ್ಕಿತು, ಅದೂ ಕಳ್ಳತನದ್ದು.

ಬೆಳಿಗ್ಗೆ ನದಿಯ ಹತ್ತಿರ ಹೋದಾಗ ಇನ್ನಷ್ಟು ಅಸಹ್ಯವಾಯಿತು. ಅತಿಥಿಯೊಬ್ಬರು ಮೈಕು ಹಿಡಿದು ನದಿ ನಮ್ಮ ತಾಯಿ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿದದ್ದೇ ಚಹಾ ಕುಡಿದ ಕಾಗದದ ಲೋಟಗಳನ್ನು ಅಲ್ಲಿಯೇ ತಾಯಿಯ ಮೇಲೆ ಎಸೆದರು. ಅತಿಥಿ ತಮ್ಮ ಕೊರಳಿನ ಹಾರವನ್ನೂ ಪ್ಲಾಸ್ಟಿಕ್ ಚೀಲ ಸಹಿತ ನೀರಿಗೆ ಬಿಟ್ಟು ಕೈಮುಗಿದರು. ನಮ್ಮ ಹಳ್ಳಿಯ ಹೊಳೆಗೆ ನಾವು ಚಪ್ಪಲಿ ಬಿಟ್ಟು ಇಳಿಯುತ್ತಿದ್ದೆವು. ಎಂಜಲು ಕೈ ತೊಳೆಯಬೇಕಾದರೂ ಬಿಂದಿಗೆಯಲ್ಲಿ ನೀರು ತಂದು ದಂಡೆಯಲ್ಲಿ ತೊಳೆಯುತ್ತಿದ್ದೆವು.

ಮೊದಲ ದಿನ ಅವರು ಚೆನ್ನಾಗಿಯೇ ನಡೆಸಿದರು. ಸಂಜೆ ಡೇರೆಗೆ ಬಂದಾಗ ನಿಮ್ಮ ಅಮ್ಮನ ಅಂಗೈ ತುಂಬ ಬೊಬ್ಬೆ. ಕೊಬ್ಬರಿ ಎಣ್ಣೆ ಹಚ್ಚಿದೆ. "ಉರೀತೈತೇನ?" ಎಂದರೆ, "ಉರೀಲಿ ಬಿಡವ್ವಾ, ನಾಳೆ ಮುಗೀತೈತಿ" ಎಂದು ನಕ್ಕಳು.

ಎರಡನೆಯ ದಿನ ಸಹಾಯಕರನ್ನೆಲ್ಲ ಜೀಪಿನಲ್ಲಿ ಒಂದು ಎತ್ತರದ ಕೊರಕಲಿನ ತುದಿಗೆ ಕರೆದುಕೊಂಡು ಹೋದರು. ಕೆಳಗೆ ನದಿ ಎರಡಾಗುತ್ತಿತ್ತು. ನಡುವೆ ಜೊಂಡು ಬೆಳೆದ ದಿಬ್ಬ. ನಕ್ಷೆಯಲ್ಲಿ ಎಡಗಡೆಯದು ಹತ್ತಿರದ ದಾರಿ. ಆದರೆ ಅದು ನಕ್ಷೆ ಬರೆದ ಕಾಲದ ಮಾತು. ಈಗ ಯಾವ ಕಾರ್ಖಾನೆಯದೋ ಕೊಳವೆ ಆ ಕವಲಿಗೆ ಬಂದು ಬೀಳುತ್ತಿತ್ತು. ನೀರು ಹಳಸಿದ ಕಾಫಿಯ ಬಣ್ಣ. ಮೇಲೆ ಕೆನೆಗಟ್ಟಿದ ನೊರೆ. ದಡಕ್ಕೆ ಮೀನುಗಳು ಹೊಟ್ಟೆ ಮೇಲಾಗಿ ಒತ್ತಿಕೊಂಡಿದ್ದವು. ಕೊಳೆತ ಮೊಟ್ಟೆಗೆ ಫಿನಾಯಿಲ್ ಸುರಿದರೆ ಬರುವಂಥ ವಾಸನೆ. ನಾನು ಸೆರಗಿನಿಂದ ಮೂಗು ಮುಚ್ಚಿದೆ. ಮೇಲಿಂದ ನಮಗೆ ಎಲ್ಲವೂ ಕಾಣುತ್ತಿತ್ತು. ಗಾಳಿ ಅವರ ಬೆನ್ನಿನಿಂದ ಬೀಸುತ್ತಿದ್ದುದರಿಂದ ದೋಣಿಯಲ್ಲಿದ್ದವರಿಗೆ ವಾಸನೆಯೂ ಬಡಿಯುತ್ತಿರಲಿಲ್ಲ. ಅವರಿಗೆ ಕಾಣುತ್ತಿದ್ದುದು ಜೊಂಡು ಮಾತ್ರ.

ದೋಣಿಗಳು ಬರತೊಡಗಿದವು. ನನ್ನ ಪಕ್ಕದಲ್ಲಿ ನಿಂತವನು ಎರಡು ಸೀಟಿ ಹೊಡೆದ. ಅವನ ದೋಣಿ ಬಲಕ್ಕೆ ತಿರುಗಿತು. ಇನ್ನೊಬ್ಬ ಕೆಂಪು ಟವೆಲ್ ಝಾಡಿಸಿದ. ಅವನದೂ ಬಲಕ್ಕೆ. ನಿಯಮ ಕಾಯಲು ನಿಂತ ಪಂದ್ಯದ ಪಂಚ ಗುಟ್ಕಾ ಜಗಿಯುತ್ತ ನೋಡುತ್ತಿದ್ದ. ನಾನು ನನ್ನ ಹರಕು ಹಿಂದಿಯಲ್ಲಿ, "ಇದು ಸರಿಯೇ ಭಾಯಿ?" ಎಂದೆ.

"ಚಾಲ್ಶೇ, ಮಾಜೀ," ಎಂದ. ನಡೆಯುತ್ತದೆ ಎಂದರ್ಥ. ಹೇಳಿ, ನನ್ನ ಚಪ್ಪಲಿಯ ಹತ್ತಿರವೇ ಪಿಚಕ್ಕನೆ ಉಗಿದ.

ಆಗ ಹಳದಿ ದೋಣಿ ಬಂತು. ಮುಂದೆ ಕೂತ ನಿಮ್ಮ ಅಮ್ಮ ನಕ್ಷೆ ನೋಡಿ ಹುಟ್ಟಿನಿಂದ ಎಡಗಡೆ ತೋರಿಸಿದಳು. ತಲೆಯೆತ್ತಿ ದಂಡೆಯ ಕಡೆಗೂ ನೋಡಿದಳು. ನಾನು ಕೂಗಬಾರದೆಂದು ತುಟಿ ಕಚ್ಚಿದ್ದೆ. ನೀರು ಒಳ್ಳೆಯದಾಗಿದ್ದರೆ ಖಂಡಿತ ಕೂಗುತ್ತಿರಲಿಲ್ಲ, ಇನ್ನೊಮ್ಮೆ ದಾರಿ ತಪ್ಪಿದರೂ ಸರಿಯೇ. ಆದರೆ ಅವಳ ಅಂಗೈಯ ಬೊಬ್ಬೆಗಳು ಬೆಳಿಗ್ಗೆಯೇ ಒಡೆದಿದ್ದವು. ಆ ಕೈ ಆ ನೀರಿಗೆ ಇಳಿಯಬೇಕಿತ್ತು.

"ಎಡಕ್ಕ ಹೋಗಬ್ಯಾಡ್ರೇ! ವಿಷದ ನೀರೈತಿ! ಬಲಕ್ಕ ಬರ್ರಿ, ಬಲಕ್ಕ!"

ಅಂಥ ಗಂಟಲು ನನಗಿದೆ ಎಂದು ನನಗೇ ಗೊತ್ತಿರಲಿಲ್ಲ. ಸೆರಗು ತಲೆಯಿಂದ ಜಾರಿ ಹೆಗಲಿಗೆ ಬಿದ್ದಿತ್ತು. ದೋಣಿಯ ಮೂತಿ ನೊರೆಗೆ ತಾಗಿ, ಹೊರಳಿ, ಬಲಕ್ಕೆ ಹೋಯಿತು. ನಿಮ್ಮ ಅಮ್ಮ ಹುಟ್ಟನ್ನು ಮೇಲೆತ್ತಿ ಬೀಸಿದಳು. ತನ್ನ ಉಪಾಯ ಫಲಿಸಿತೆಂದು ಅವಳಿಗೆ ಖುಷಿ. ನಾನು ಸೆರಗನ್ನು ಮತ್ತೆ ತಲೆಗೆ ಎಳೆದುಕೊಂಡೆ.

ಮುಗಿಯುವ ಜಾಗಕ್ಕೆ ಅವರು ವೇಳೆಗೆ ಸರಿಯಾಗಿ ಬಂದರು. ಪದಕಗಳನ್ನು ಮೇಜಿನ ಮೇಲೆ ಜೋಡಿಸಿದ್ದರು. ಅಷ್ಟರಲ್ಲಿ ಸೀಟಿಯವನು, ಅವನ ಹಿಂದೆ ಕೆಂಪು ಟವೆಲಿನವನು, ಮುಖ್ಯ ಪಂಚರ ಹತ್ತಿರ ಹೋಗಿ ದೂರು ಕೊಟ್ಟರು. ಈ ಮುದುಕಿ ತನ್ನ ಭಾಷೆಯಲ್ಲಿ ಕೂಗಿ ದಾರಿ ಹೇಳಿದ್ದಾಳೆ ಎಂದು. ಟವೆಲು ಅವನ ಹೆಗಲ ಮೇಲೆಯೇ ಇತ್ತು.

ಮುಖ್ಯ ಪಂಚರು ನನ್ನನ್ನು ಕರೆದರು. "ಮಾಜೀ, ಏನು ಕೂಗಿದಿರಿ?"

ಸುತ್ತ ಜನ. ಎಲ್ಲರ ಕಣ್ಣು ನನ್ನ ಮೇಲೆ. ಅಲ್ಲಿ ಕನ್ನಡ ಬಲ್ಲವರು ನಾವು ಮೂವರೇ. ನಾನು ಏನು ಹೇಳುತ್ತೇನೋ ಅದೇ ಅರ್ಥ.

ನಿಮ್ಮ ಅಮ್ಮ ಹಿಂದಿನಿಂದ, ತುಟಿ ಅಲುಗಿಸದೆ, "ನೀರ್ ಕುಡೀರಿ ಅಂದೆ ಅಂತ ಹೇಳವ್ವಾ. ಅಷ್ಟ ಹೇಳಿ ಸುಮ್ನ ಆಗು. ನಿನ್ನ ಕಾಲಿಗೆ ಬೀಳ್ತೀನಿ" ಎಂದಳು.

ಗುಟ್ಕಾದ ಪಂಚನೂ ಕಣ್ಣು ಮಿಟುಕಿಸಿ, "ಊಟಕ್ಕೆ ಕರೆದಿರಬೇಕು, ಅಲ್ಲವೇ ಮಾಜೀ?" ಎಂದ. ಅವನ ಹಲ್ಲಿಗೂ ಆ ಕವಲಿನ ನೀರಿಗೂ ಒಂದೇ ಬಣ್ಣ. ಅವನು ನನ್ನನ್ನು ತನ್ನ ಗುಂಪಿಗೆ ಸೇರಿಸಿಕೊಳ್ಳುತ್ತಿದ್ದ. ನೀರ್ ಕುಡೀರಿ! ಆ ನೀರನ್ನು ಕಂಡ ಬಾಯಲ್ಲಿ ಆ ಮಾತು ಹೇಗೆ ಹೊರಡಬೇಕು?

"ಎಡಕ್ಕೆ ಬೇಡ, ಬಲಕ್ಕೆ ಬನ್ನಿ ಅಂದೆ," ಎಂದು ಹಿಂದಿಯಲ್ಲಿ ಹೇಳಿದೆ. "ಎಡಗಡೆ ವಿಷ ಇತ್ತು, ಅದನ್ನೂ ಹೇಳಿದೆ. ಇವರು ಸೀಟಿಯಲ್ಲಿ ಹೇಳಿದ್ದೂ ಅದನ್ನೇ."

ಕೊನೆಯ ಮಾತು ಯಾರಿಗೂ ಕೇಳಿಸಲಿಲ್ಲ. ನನ್ನ ದನಿ ಆಗಲೇ ಹಳೆಯ ಹಾಗೆ ಇಳಿದಿತ್ತು. ಹಳದಿ ದೋಣಿ ಹೊರಗೆ ಎಂದು ಬರೆದುಕೊಂಡರು. ಸೀಟಿಯವನ ದೋಣಿಗೆ ಪದಕ, ಟವೆಲಿನವನ ದೋಣಿಗೂ ಪದಕ. ಆ ಅತಿಥಿ ಮತ್ತೆ ಬಂದು ಪ್ರಾಮಾಣಿಕ ಆಟದ ಬಗ್ಗೆ ಮಾತಾಡಿದರು. ಎಡಗಡೆಯ ವಿಷದ ಬಗ್ಗೆ ಒಬ್ಬರಾದರೂ ಒಂದು ಮಾತು ಕೇಳಲಿಲ್ಲ.

ಕಾರಿನಲ್ಲಿ ನಿಮ್ಮ ಅಮ್ಮ ಗೋರ್ವಾ ಬರುವವರೆಗೆ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಒಮ್ಮೆ ಮಾತ್ರ ತಿರುಗಿ, "ಮನ್ಯಾಗ ಬಾಯಿ ಬಿಡೂದಿಲ್ಲ. ಅಲ್ಲಿ ಎಲ್ಲಿಂದ ಬಂತವ್ವಾ ನಿನಗ ಬಾಯಿ?" ಎಂದಳು. ನಿಮ್ಮ ಅಪ್ಪ, "ಬಿಡು, ಅವರು ಕೂಗದಿದ್ರ ನಿನ್ನ ಕೈ ಇರ್ತಿತ್ತೇನು?" ಎಂದರು. ಅವಳು ಮತ್ತೆ ಕಿಟಕಿಯ ಕಡೆ ತಿರುಗಿದಳು. ಅವಳ ಅಳು ನೋಡಿ ನನಗೂ ಅಳು ಬಂತು. ಆದರೂ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದು ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸಿಲ್ಲ.

ದೋಣಿಯ ಮೂತಿಯನ್ನು ನಾನು ಹುಣಸೆಹಣ್ಣು, ಸೀಗೆಪುಡಿ, ಬೂದಿ ಎಲ್ಲ ಹಾಕಿ ತಿಕ್ಕಿದೆ. ಆ ಕಂದು ಕಲೆ ಹೋಗಿಲ್ಲ. ಮಳೆಗಾಲದಲ್ಲಿ ಮೆಟ್ಟಿಲ ಕೆಳಗಿಂದ ಇನ್ನೂ ವಾಸನೆ ಬರುತ್ತದೆ. ನೀವು ಮೂಗು ಹಿಡಿದು ಓಡುತ್ತೀರಿ, ನಾನು ನೋಡಿದ್ದೇನೆ. ಎರಡೇ ಕ್ಷಣ ನೊರೆಗೆ ತಾಗಿದ ಮರದಂಥ ಗಟ್ಟಿ ವಸ್ತುವಿನ ಗತಿ ಅದು. ಒಡೆದ ಅಂಗೈಗೆ ಏನಾಗುತ್ತಿತ್ತೋ ನೀವೇ ಯೋಚಿಸಿ.

ನಕ್ಷೆ ನೆನೆಯದ ಹಾಗೆ ಇಡುವ ಪ್ಲಾಸ್ಟಿಕ್ ಚೀಲವನ್ನು ನಿಮ್ಮ ಅಮ್ಮ ಅವತ್ತೇ ಕಸದ ಡಬ್ಬಿಗೆ ಎಸೆದಿದ್ದಳು. ನಾನು ಎತ್ತಿ ತೊಳೆದು ಇಟ್ಟುಕೊಂಡಿದ್ದೆ. ಈ ಹಾಳೆಗಳನ್ನು ಅದರಲ್ಲಿಯೇ ಹಾಕಿ ಬಾಯಿ ಒತ್ತಿದ್ದೇನೆ, ಒಳಗೆ ನೀರು ಹೋಗುವುದಿಲ್ಲ. ನನ್ನ ಟ್ರಂಕಿನಲ್ಲಿ ನಿಮ್ಮ ಅಜ್ಜನ ಶಾಲಿನ ಕೆಳಗೆ ಇರುತ್ತದೆ. ನಾನು ಇಲ್ಲದಾಗ ಟ್ರಂಕು ಖಾಲಿ ಮಾಡುವವರು ಇದನ್ನೂ ಹಳೆಯ ನಕ್ಷೆ ಎಂದು ಎಸೆದಾರು. ಎಸೆಯಲು ಬಿಡಬೇಡಿ. ಇಬ್ಬರಲ್ಲಿ ಯಾರು ಮೊದಲು ಕನ್ನಡ ಓದಲು ಕಲಿಯುತ್ತೀರೋ ಅವರ ಹತ್ತಿರ ಇರಲಿ, ಜೋಪಾನ.