ನೀರು ಕುಡಿಯುವ ಕಂಪ್ಯೂಟರ್, ಕಾಫಿ ಕುಡಿಯುವ ನಾನು

ನಮ್ಮ ಮನೆಗೆ ಬಂದವರು ದಯವಿಟ್ಟು ಟಿವಿಯ ಹಿಂದೆ ಇಣುಕಬಾರದು. ಅಲ್ಲಿನ ವೈರುಗಳನ್ನೆಲ್ಲ ಜೋಡಿಸಿದವನು ನಾನು. ಯಾವುದು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆಂದು ನನಗೇ ತಿಳಿಯದು. ಒಂದನ್ನು ಎಳೆದರೆ ಒಳಗೆ ಮಿಕ್ಸಿ ನಿಲ್ಲುತ್ತದೆ. ಇಂಥವನ ಹೆಂಡತಿ ಒಂದು ಕಂಪ್ಯೂಟರನ್ನು ಬಿಡಿಬಿಡಿಯಾಗಿ ತರಿಸಿ, ಅದರೊಳಗೆ ನೀರಿನ ಕೊಳವೆ ಹಾಯಿಸಿ, ಬೀರುವಿನಲ್ಲಿ ಮಡಿಸಿಟ್ಟ ರೇಷ್ಮೆ ಸೀರೆಯಷ್ಟು ಓರಣವಾಗಿ ಕಟ್ಟಿ ನಿಲ್ಲಿಸಿದಳೆಂದರೆ ಯಾರೂ ನಂಬುವುದಿಲ್ಲ. ಪಕ್ಕದಲ್ಲೇ ಕುಳಿತು ನೋಡಿದ್ದರಿಂದ ನಾನು ನಂಬಿದ್ದೇನೆ.

ಹೆಂಡತಿ ಗಾಯತ್ರಿ, ಸಾಗರದ ನಮ್ಮ ಬಾಡಿಗೆ ಮನೆಯಲ್ಲೇ ಕುಳಿತು ಮದುವೆ ವಿಡಿಯೊಗಳನ್ನು ಎಡಿಟ್ ಮಾಡುತ್ತಾಳೆ. ಸಂಜೆ ಹೊತ್ತಿಗೆ ಕಂಪ್ಯೂಟರ್ ಯಾರದೋ ಧಾರೆ, ಯಾರದೋ ಆರತಕ್ಷತೆಗಳನ್ನು ತನ್ನಷ್ಟಕ್ಕೆ ಹೊಲಿಯುತ್ತಿರುವಾಗ, ಅವಳು ಅದೇ ಮೇಜಿನ ಮೇಲಿನ ಮೈಕಿನ ಮುಂದೆ ಚರಿತ್ರೆಯ ಪಠ್ಯಪುಸ್ತಕವನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡುತ್ತಾಳೆ. ಕೇಳುವವಳು ತೀರ್ಥಹಳ್ಳಿಯ ಶ್ಯಾಮಲಾ. ಕಣ್ಣು ಕಾಣದ ಶ್ಯಾಮಲಾ ಮನೆಯಲ್ಲೇ ಓದಿಕೊಂಡು ಬಿ.ಎ. ಮುಗಿಸುವ ಹಟ ತೊಟ್ಟವಳು. ಉಳಿದದ್ದು ಚರಿತ್ರೆಯೊಂದೇ. ಅದೊಮ್ಮೆ ಕೈಕೊಟ್ಟಿತ್ತು, ಈ ಸಲವೂ ಆಗದಿದ್ದರೆ ಓದಿನ ಗೊಡವೆಯೇ ಬೇಡ ಎಂದುಬಿಟ್ಟಿದ್ದಳು. ಪುಸ್ತಕ ಅರ್ಧಕ್ಕೆ ಬಂದಿರುವಾಗ ಅವಳ ದನಿ ಮೊಬೈಲಿನಲ್ಲಿ ಬಹಳ ಸಂಕೋಚದಿಂದ ಬಂತು: "ಮೇಡಂ, ನೀವು ಓದೋದು ಚಂದ. ಆದ್ರೆ ಹಿಂದೆ ಒಂದು ಅಕ್ಕಿ ಗಿರಣಿ ಓಡ್ತಾ ಇರುತ್ತೆ. ಅರ್ಧ ಪಾಠಕ್ಕೇ ತಲೆ ನೋಯುತ್ತೆ."

ಗಿರಣಿ ಎಂದರೆ ಕಂಪ್ಯೂಟರಿನ ಫ್ಯಾನುಗಳು. ಮದುವೆಗಳ ಸೀಸನ್ನಿನಲ್ಲಿ ಅದನ್ನು ಆರಿಸುವಂತಿಲ್ಲ. ಅದು ಓಡುವಷ್ಟು ಹೊತ್ತೂ ಫ್ಯಾನುಗಳು ಬೊಬ್ಬೆ ಹೊಡೆಯುತ್ತವೆ. ಇನ್ನೊಂದು ಕೋಣೆಗೆ ಹೋಗೋಣವೆಂದರೆ ಅದು ರಸ್ತೆಗೆ ಮುಖ ಮಾಡಿದೆ, ಬಸ್ಸುಗಳ ಹಾರ್ನೂ ಚರಿತ್ರೆಯೊಳಗೆ ಸೇರಿಕೊಳ್ಳುತ್ತದೆ. ಗಾಯತ್ರಿ ಒಂದು ವಾರ ಬಿಡುವಾದಾಗಲೆಲ್ಲ ಇದಕ್ಕೇನು ದಾರಿ ಎಂದು ಹುಡುಕಿ ಓದಿದಳು. ಆಮೇಲೆ, ಫ್ಯಾನಿನ ಬದಲು ನೀರಿನಿಂದ ತಣಿಸುವ ಯಂತ್ರವನ್ನು ತಾನೇ ಕಟ್ಟುತ್ತೇನೆ ಎಂದು ಸಾರಿದಳು.

ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡ ಎಂಬ ಗದರಿಕೆ ಕೇಳಿಯೇ ದೊಡ್ಡವನಾದ ನನಗೆ ಇದು ಆತ್ಮಹತ್ಯೆಯ ಯೋಚನೆಯಂತೆ ಕೇಳಿಸಿತು. ಆಗ ಅವಳು ನನಗೆ ಗೊತ್ತಿರುವ ಭಾಷೆಯಲ್ಲಿ ಹೇಳಿದಳು. ನಾನು ಹೊಸನಗರದ ಕಚೇರಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವವನು. ಏರು ಹತ್ತಿ ಉಸಿರುಗಟ್ಟಿದ ಹಳೆಯ ಬಸ್ಸು, ಮೂತಿಯಿಂದ ಹಬೆ ಬಿಡುತ್ತ ನಿಲ್ಲುವುದು, ಡ್ರೈವರು ಹಳ್ಳದಿಂದ ಕೊಡದಲ್ಲಿ ನೀರು ತಂದು ಹೊಯ್ಯುವುದು ನಾನು ಕಂಡ ವಿಷಯ. ಇದೂ ಅದೇ ರೇಡಿಯೇಟರ್, ಚಿಕ್ಕದು, ಎಂದಳು. ಪಂಪು ನೀರನ್ನು ತಳ್ಳುತ್ತದೆ, ನೀರು ಕಂಪ್ಯೂಟರ್ ಚಿಪ್‌ನ ಬಿಸಿಯನ್ನು ಹೊತ್ತು ರೇಡಿಯೇಟರಿಗೆ ಒಯ್ಯುತ್ತದೆ, ಅಲ್ಲಿ ನಿಧಾನ ತಿರುಗುವ ಫ್ಯಾನುಗಳು ಸದ್ದಿಲ್ಲದೆ ಅದನ್ನು ಆರಿಸುತ್ತವೆ. ಅಷ್ಟು ಕೇಳಿದ ಮೇಲೆ ನಾನು ಸಹಾಯಕ್ಕೆ ನಿಂತೆ. ಸಹಾಯ ಎಂದರೆ ಕಾಫಿ ಮಾಡಿ, ಒಂದು ಲೋಟ ಅವಳಿಗೆ ಕೊಟ್ಟು, ಇನ್ನೊಂದನ್ನು ಹಿಡಿದು ಪಕ್ಕದಲ್ಲಿ ಕೂರುವುದು.

ಆ ಕೆಲಸವನ್ನು ನೋಡುವುದೇ ಒಂದು ಸುಖ. ಗಾಜಿನಂಥ ಪ್ಲಾಸ್ಟಿಕ್ ಕೊಳವೆಯನ್ನು ಬಿಸಿಗಾಳಿಗೆ ಹಿಡಿದು, ಮೆತ್ತಗಾದ ಕ್ಷಣದಲ್ಲಿ ನನ್ನ ಪುಸ್ತಕದ ಕಪಾಟಿನ ಮೂಲೆಗೆ ಒತ್ತಿ ಬಗ್ಗಿಸುತ್ತಿದ್ದಳು. ಮೊದಲ ಕೊಳವೆ ಕೋಡುಬಳೆಯಾಯಿತು, ಎರಡನೆಯದು ಮಡಿಚಿಕೊಂಡು ಕೂತಿತು. ಬೇಸರಪಡದೆ ಮತ್ತೆ ಅಳೆದಳು. ವೈರುಗಳನ್ನು ಬಾಚಿ, ಕಪ್ಪು ದಾರದಲ್ಲಿ, ಮಲ್ಲಿಗೆ ಕಟ್ಟುವ ಅದೇ ಗಂಟಿನಲ್ಲಿ ಸಾಲಾಗಿ ಕಟ್ಟಿದಳು. ಮುಚ್ಚಿದ ಮೇಲೆ ಯಾರಿಗೂ ಕಾಣದ ಹಿಂಬದಿಯನ್ನೂ ಅಷ್ಟೇ ಅಂದವಾಗಿ ಕಟ್ಟಿದ್ದನ್ನು ಕಂಡು ನನಗೆ ನಿಜವಾಗಿ ಗೌರವ ಬಂತು. ಯಾರೂ ನೋಡದ ಕಡೆ ನಾವು ಹೇಗಿರುತ್ತೇವೆ ಎಂಬುದಕ್ಕೆ ನಮ್ಮ ಟಿವಿಯ ಹಿಂಭಾಗ ಒಂದು ಉತ್ತರ, ಇದು ಇನ್ನೊಂದು.

ನೀರಿನ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಜಟಾಪಟಿಯಾಯಿತು. ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತನ್ನಿ ಎಂದಳು. ನನಗೆ ಅವಮಾನವಾಯಿತು. ನಮ್ಮ ಕಡೆಯವರು ಬಡತನವನ್ನಾದರೂ ಒಪ್ಪಿಯಾರು, ತಮ್ಮ ಮನೆಯ ನೀರು ಕಳಪೆ ಎಂಬುದನ್ನು ಒಪ್ಪುವವರಲ್ಲ. ಅರಳಸುರಳಿಯ ನನ್ನ ಅಕ್ಕನಿಗೆ ಸುದ್ದಿ ಮುಟ್ಟಿದ್ದೇ ತಡ, ಗುಡ್ಡದ ಒರತೆಯಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ತಮ್ಮ ಮನೆಯ ನೀರನ್ನು ಕ್ಯಾನಿನಲ್ಲಿ ತುಂಬಿ ಬಸ್ಸಿಗೇರಿಸಿದಳು. ನಾನೂ ಅದರ ಪರ ವಾದಿಸಿದೆ. ಗಾಯತ್ರಿ ಜಗಳವಾಡದೆ ಒಂದು ಗಾಜಿನ ಲೋಟದಲ್ಲಿ ಅಕ್ಕನ ನೀರನ್ನೂ, ಇನ್ನೊಂದರಲ್ಲಿ ಅಂಗಡಿಯದನ್ನೂ ಕಿಟಕಿಯಲ್ಲಿಟ್ಟಳು. ಉಳಿದ ಬಿಡಿಭಾಗಗಳೂ ಬಂದು ಸೇರುವಷ್ಟರಲ್ಲಿ ಅಕ್ಕನ ಲೋಟದಲ್ಲಿ ತೆಳ್ಳಗೆ ಹಸಿರು ಕಟ್ಟಿತ್ತು.

"ಇದ್ರಲ್ಲಿ ಜೀವ ಇದೆ. ಇದನ್ನ ನೀವು ಕುಡೀರಿ," ಎಂದಳು. "ಯಂತ್ರಕ್ಕೆ ಜೀವ ಇಲ್ದಿರೋ ನೀರೇ ಆಗ್ಬೇಕು."

ಅಕ್ಕನಿಗೆ ನಾನು ಮೊದಲ ವಾಕ್ಯವನ್ನಷ್ಟೇ ತಲುಪಿಸಿದೆ. ಅವಳಿಗೆ ಬಹಳ ಸಂತೋಷವಾಯಿತು.

ನೀರು ತುಂಬಿದ ದಿನ ಪಂಪಿಗೆ ಮಾತ್ರ ಕರೆಂಟು ಕೊಟ್ಟು, ಪ್ರತಿ ಕೀಲಿನ ಕೆಳಗೂ ಟಿಶ್ಯೂ ಕಾಗದ ಹಾಸಿ ಕಾದೆವು. ಒಂದು ಕಾಗದದ ಮೂಲೆ ಒದ್ದೆಯಾಗಿತ್ತು. ಅಲ್ಲಿನ ರಬ್ಬರ್ ಉಂಗುರ ತಿರುಚಿಕೊಂಡಿತ್ತು.  ಅವಳು ನೀರನ್ನೆಲ್ಲ ಇಳಿಸಿ, ಉಂಗುರ ಸರಿಪಡಿಸಿ, ಮತ್ತೆ ತುಂಬಿದಳು. ಆಮೇಲೆ ಒಳಗೆ ಸಿಕ್ಕಿಬಿದ್ದ ಗಾಳಿಯ ಗುಳ್ಳೆಗಳು ಗುಳುಗುಳು ಎನ್ನತೊಡಗಿದವು. ಹಾಲು ಕುಡಿದ ಮಗುವನ್ನು ಹೆಗಲಿಗೆ ಹಾಕಿ ತೇಗು ಬರಿಸುವ ಹಾಗೆ, ಅಷ್ಟು ಭಾರದ ಪೆಟ್ಟಿಗೆಯನ್ನು ಅತ್ತಿತ್ತ ವಾಲಿಸಿ ಅವನ್ನೂ ಹೊರಗೆ ಹಾಕಿದೆವು. ಈ ವಾಲಿಸುವುದರಲ್ಲಿ ನನ್ನ ಪಾಲೂ ಇತ್ತೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ. ಕೊನೆಗೆ ಎಲ್ಲಕ್ಕೂ ಕರೆಂಟು ಕೊಟ್ಟು ಒಂದು ದೊಡ್ಡ ಮದುವೆಯನ್ನೇ ಹೊರಿಸಿದಳು. ಕಂಪ್ಯೂಟರ್ ಓಡುತ್ತಿದೆಯೋ ಇಲ್ಲವೋ ಎಂದು ನಾನು ಕಿವಿ ಇಟ್ಟು ನೋಡಬೇಕಾಯಿತು.

ಅಂದೇ ಚರಿತ್ರೆ ಮುಂದುವರಿಯಿತು. ಶ್ಯಾಮಲಾ ಮೂರು ಪಾಠಗಳನ್ನು ಒಂದೇ ಉಸಿರಿಗೆ ಕೇಳಿ ಉತ್ತರ ಕಳಿಸಿದಳು: "ಮೇಡಂ, ಗಿರಣಿ ನಿಂತಿದೆ. ಈಗ ನೀವು ಪುಟ ಮಗುಚೋದೂ ಕೇಳುತ್ತೆ. ಪಕ್ಕದಲ್ಲಿ ಯಾರೋ ಸೊರ್ ಅಂತ ಕಾಫಿ ಕುಡಿಯೋದೂ ಕೇಳುತ್ತೆ."

ಇಷ್ಟು ವರ್ಷ ನನ್ನ ಮಾನವನ್ನು ಕಾಪಾಡಿದ್ದು ಆ ಹಳೆಯ ಫ್ಯಾನುಗಳು ಎಂದು ನನಗೆ ಆಗ ತಿಳಿಯಿತು. ನಾಳೆಯಿಂದ ರಸ್ತೆ ಬದಿಯ ಕೋಣೆಯಲ್ಲಿ ಕೂರುತ್ತೇನೆ ಎಂದೆ. ಗಾಯತ್ರಿ ಅದನ್ನು ಅವಳಿಗೆ ತಿಳಿಸಿದ್ದಕ್ಕೆ ತಕ್ಷಣ ಉತ್ತರ ಬಂತು.

"ಬ್ಯಾಡ ಮೇಡಂ, ಅಲ್ಲೇ ಕೂತಿರ್ಲಿ. ಬರಗಾಲದ ಪಾಠ ಓದಿದ್ರಲ್ಲ, ಅಲ್ಲಿ ಅವ್ರು ಕುಡಿಯೋದು ನಿಲ್ಸಿಬಿಟ್ರು. ನನ್ ಜೊತೆಗೆ ಇನ್ನೊಬ್ರೂ ಕೇಳ್ತಿದಾರೆ ಅಂತ ಧೈರ್ಯ ಆಯ್ತು."

ಗಾಯತ್ರಿ ನನ್ನತ್ತ ತಿರುಗಿ, ಮದುವೆಯಾದಾಗಿನಿಂದ ನೋಡದ ಒಂದು ಬಗೆಯಲ್ಲಿ ನೋಡಿದಳು. ಬರಗಾಲದ ಹೊತ್ತಿಗೆ ನನ್ನ ಲೋಟ ಖಾಲಿಯಾಗಿತ್ತು ಎಂಬ ಸತ್ಯವನ್ನು ಇಬ್ಬರಿಗೂ ಹೇಳುವ ಮನಸ್ಸಾಗಲಿಲ್ಲ. ಆದರೆ ಮರುದಿನದಿಂದ ಕಾಫಿ ಮುಗಿದ ಮೇಲೂ ಎದ್ದುಹೋಗದೆ, ನಿಜವಾಗಿಯೇ ಕೇಳುತ್ತ ಕೂತೆ. ರಾಜರು ಬಂದರು, ಹೋದರು, ಕಂದಾಯ ಏರಿತು, ದಂಗೆಯಾಯಿತು. ಪಕ್ಕದ ಪೆಟ್ಟಿಗೆಯಲ್ಲಿ ನೀರು ಸದ್ದಿಲ್ಲದೆ ಸುತ್ತುತ್ತಲೇ ಇತ್ತು. ಶ್ಯಾಮಲಾ ಪರೀಕ್ಷೆಯಲ್ಲಿ ಪಾಸಾದಳು. ಪರೀಕ್ಷೆಗೆ ಕೂತಿದ್ದರೆ ನಾನೂ ಪಾಸಾಗುತ್ತಿದ್ದೆ.