ಮಡಚಿಟ್ಟ ಎಡಗನ್ನಡಿ

ನಮ್ಮ ಕಾರಿನ ಎಡಗನ್ನಡಿ ಆರು ವರ್ಷ ಮಡಚಿಕೊಂಡೇ ಇತ್ತು. ಅದಕ್ಕೆ ನನ್ನದೊಂದು ಹಳೆಯ ಕಾಲ್ಚೀಲವನ್ನೂ ತೊಡಿಸಿದ್ದೆ. ಎರಡಕ್ಕೂ ಕಾರಣ ಕೊಡಬಲ್ಲೆ. ಕಾರಣ ಕೊಡುವುದೇ ನನ್ನ ಉದ್ಯೋಗ. ಕಾರವಾರದ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತೆರಡು ವರ್ಷದಿಂದ ಸುದ್ದಿ ತಿದ್ದುತ್ತಿದ್ದೇನೆ.

ಅಂಕೋಲೆಯ ಬೊಬ್ರುವಾಡದಲ್ಲಿ ನಮ್ಮ ಮನೆಗೆ ಬರುವ ಓಣಿಗೆ ಎರಡೂ ಬದಿ ಚಿರೇಕಲ್ಲಿನ ಪಾಗಾರ, ಎಂದರೆ ಆವರಣದ ಗೋಡೆ. ಓಣಿ ಬಿಟ್ಟವರು ಎತ್ತಿನ ಗಾಡಿಯ ಅಳತೆ ಹಿಡಿದಿದ್ದರು. ಪಾಗಾರ ಕಟ್ಟಿದವರು ಅದರಲ್ಲೂ ಒಂದು ಮೊಳ ನುಂಗಿದರು. ಆ ಮೊಳದಲ್ಲಿ ಗೇಣಿನಷ್ಟು ನಮ್ಮ ಪಾಲೂ ಇದೆ, ದಾಖಲೆಗಿರಲಿ. ಹೀಗಾಗಿ ನಮ್ಮ ಓಣಿಯ ಕಾರುಗಳೆಲ್ಲ ಕನ್ನಡಿ ಮಡಚಿಕೊಂಡು, ಚಳಿಗೆ ಕೈ ಕಟ್ಟಿಕೊಂಡವರ ಹಾಗೆ ಹೊರಬೀಳುತ್ತವೆ. ರಸ್ತೆಗೆ ಬಂದ ಮೇಲೆ ಬಲಗನ್ನಡಿಯನ್ನು ಕಿಟಕಿಯಿಂದ ಕೈ ಹಾಕಿ ಬಿಡಿಸಬಹುದು. ಎಡದ್ದನ್ನು ಬಿಡಿಸಲು ಇಳಿದು, ಸುತ್ತು ಹಾಕಿ ಹೋಗಬೇಕು. ಯಾರೂ ಇಳಿಯುವುದಿಲ್ಲ. ಅಂಕೋಲೆಯ ಪೇಟೆಯಲ್ಲಿ ಎಡಗನ್ನಡಿ ಮಡಚಿದ ಕಾರು ಕಂಡರೆ ಅದು ನಮ್ಮ ಓಣಿಯದು ಎಂದು ಕಣ್ಣು ಮುಚ್ಚಿ ಹೇಳಬಹುದು. ನಾವು ಓಡಿಸುತ್ತಿದ್ದದ್ದೂ ಹೆಚ್ಚುಕಡಿಮೆ ಹಾಗೆಯೇ.

ಕಾಲ್ಚೀಲಕ್ಕೆ ಕಾರಣ ಒಂದು ಮಡಿವಾಳ ಹಕ್ಕಿ. ಕನ್ನಡಿಯಲ್ಲಿ ಕಂಡ ತನ್ನನ್ನೇ ಎದುರಾಳಿ ಎಂದುಕೊಂಡು ಅದು ಬೆಳಿಗ್ಗೆಯೆಲ್ಲ ಕುಕ್ಕುತ್ತಿತ್ತು, ಮೇಲಿಂದ ಹಿಕ್ಕೆ ಹಾಕುತ್ತಿತ್ತು. ನಮ್ಮ ಜಿಲ್ಲೆಯ ರಾಜಕಾರಣ ಬರೆದು ಅಭ್ಯಾಸವಿದ್ದ ನನಗೆ ಇದು ಹೊಸದೇನಲ್ಲ.

ಒಳಗಿನ ಕನ್ನಡಿ ಹಿಂದಿನ ಗಾಜನ್ನು ನೋಡುತ್ತಿರಲಿಲ್ಲ, ಹಿಂದಿನ ಸೀಟನ್ನು ನೋಡುತ್ತಿತ್ತು. ಅಲ್ಲಿ ಮೀನಿನ ಚೀಲ ಇರುತ್ತಿತ್ತು. ತಿರುವಿನಲ್ಲಿ ಚೀಲ ಮಗುಚಿ ಬಂಗಡೆಯ ನೀರು ಸೀಟಿಗೆ ಇಳಿದರೆ ತಿಂಗಳು ಕಿಟಕಿ ತೆರೆದೇ ಓಡಾಡಬೇಕು. ಹಿಂದೆ ಲಾರಿ ಬಂದರೆ ಅದು ಹಾರ್ನ್ ಹಾಕುತ್ತದೆ, ಬಂಗಡೆ ಹಾಕುವುದಿಲ್ಲ. ಇದು ನನ್ನ ತರ್ಕ. ಇನ್ನು ಬಲಗನ್ನಡಿಯಲ್ಲಿ ಅರ್ಧ ಭಾಗ ನನ್ನದೇ ಕಾರಿನ ಬಾಗಿಲು ಕಾಣುತ್ತಿತ್ತು. ಮುಖಪುಟದ ಅರ್ಧಕ್ಕೆ ಸಂಪಾದಕರ ಫೋಟೋ ಹಾಕಿದ ಪತ್ರಿಕೆಯ ಹಾಗೆ.

ಇಂಥ ಕಾರಿನಲ್ಲಿ ನಾನು ಅಂಕೋಲೆಯಿಂದ ಕಾರವಾರಕ್ಕೆ ಹೋಗಿ, ಇಡೀ ಸಂಜೆ ಕುಳಿತು ಇತರರ ಅಪಘಾತದ ಸುದ್ದಿ ತಿದ್ದಿ ಬರುತ್ತಿದ್ದೆ.

ಹೆಂಡತಿಗೆ ಬಡ್ತಿ ಬಂದಾಗ ಸಮಸ್ಯೆ ಶುರುವಾಯಿತು. ಆಕೆ ಮನೆಯಿಂದ ನಡೆದೇ ಹೋಗುವ ದೂರದ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಈಗ ಮುಖ್ಯಾಧ್ಯಾಪಕಿ ಮಾಡಿ, ಕಾಳಿ ಸೇತುವೆಯಾಚೆ ಚಿತ್ತಾಕುಲದ ಶಾಲೆಗೆ ಹಾಕಿದರು. ಸೋಮವಾರ ಹಾಜರಾಗಬೇಕು. ಎರಡು ಬಸ್ಸು ಹಿಡಿದು ಹೋದರೆ ಮಕ್ಕಳ ಪ್ರಾರ್ಥನೆ ಮುಗಿದ ಮೇಲೆ ತಲುಪುತ್ತಾಳೆ. ಕಾರು ಕಲಿತು ವರ್ಷವಾಗಿತ್ತು, ಲೈಸೆನ್ಸೂ ಇತ್ತು. ಆದರೆ ಪೇಟೆಯಾಚೆ ಓಡಿಸಲು ನಾನು ಬಿಟ್ಟಿರಲಿಲ್ಲ.

"ನಾನೇ ದಿನಾ ಬಿಟ್ಟು ಬರ್ತೆ," ಎಂದೆ.

"ನೀವು ಏಳೂದು ಒಂಬತ್ತಕ್ಕೆ. ನಾ ಶಾಲೆಗೆ ಹೋಗೂದೋ, ಮಧ್ಯಾಹ್ನದ ಊಟಕ್ಕೆ ಹೋಗೂದೋ?"

"ಹಾಗಾದ್ರೆ ಬಡ್ತಿ ಬೇಡ ಹೇಳಿ ಬರೆದುಕೊಡು. ಹೈವೇ ಅಂದ್ರೆ ತಮಾಷೆ ಅಲ್ಲ. ನಾ ದಿನಾ ಬರೀತೆ, ನಂಗೆ ಗೊತ್ತಿಲ್ವಾ?"

ಅಷ್ಟಕ್ಕೇ ನಿಲ್ಲದೆ ಬಡ್ತಿ ನಿರಾಕರಣೆಯ ಪತ್ರವನ್ನು ನಾನೇ ಬರೆದೆ. ಒಳ್ಳೆಯ ಪತ್ರ. ಒಂದು ಪುಟ, ಒಂದೂ ತಪ್ಪಿಲ್ಲ. 'ಕೌಟುಂಬಿಕ ಕಾರಣಗಳಿಂದಾಗಿ' ಎಂದು ಶುರುವಾಗುತ್ತಿತ್ತು. ಕಾರಣ ಒಂದೇ ಇತ್ತು, ಅದು ನಾನು. ಬಹುವಚನ ಗೌರವಕ್ಕೆ ಎಂದುಕೊಳ್ಳಿ.

ಆಕೆ ಪತ್ರ ಓದಿದಳು, ಸಹಿ ಹಾಕಲಿಲ್ಲ. ಮಡಚಿ ಕಾರಿನ ಡ್ಯಾಶ್‌ಬೋರ್ಡಿನೊಳಗೆ ಇಟ್ಟಳು. "ಆದಿತ್ಯವಾರ ಚಿತ್ತಾಕುಲದವರೆಗೆ ನಾ ಬಿಡ್ತೆ, ನೀವು ಬದಿಗೆ ಕುಂತ್ಕೊಳ್ಳಿ. ಒಂದೇ ಒಂದು ತಪ್ಪು ಮಾಡಿದ್ರೆ ಅಲ್ಲೇ ಸಹಿ ಹಾಕ್ತೆ," ಎಂದಳು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಮೊದಲ ಸಲ ಬಂದ ಕುರ್ಚಿ ಒಂದು ಭಾನುವಾರದ ಡ್ರೈವಿಂಗ್ ಮೇಲೆ ನಿಂತಿತು.

ಶನಿವಾರ ಬೆಳಿಗ್ಗೆ ನಾನು ಚಹಾ ಹಿಡಿದು ಅಂಗಳಕ್ಕೆ ಬಂದಾಗ ಕನ್ನಡಿಯ ಕಾಲ್ಚೀಲ ತಂತಿಯ ಮೇಲೆ ಒಣಗುತ್ತಿತ್ತು. ಎಡಗನ್ನಡಿ ಆರು ವರ್ಷದ ನಂತರ ರೆಕ್ಕೆ ಬಿಚ್ಚಿತ್ತು. ಹೆಂಡತಿ ಚಾಲಕನ ಸೀಟಿನಲ್ಲಿ ಕುಳಿತು, ಜೋಲಿ ಹೋಗುವವಳ ಹಾಗೆ ಬಲಕ್ಕೆ ವಾಲಿ ತಲೆಯನ್ನು ಕಿಟಕಿಯ ಗಾಜಿಗೆ ತಾಗಿಸಿದ್ದಳು.

"ಎಂತಾ ಆಯ್ತು? ತಲೆ ತಿರುಗ್ತಾ?"

"ತಲೆ ಗಾಜಿಗೆ ಕೊಟ್ಟು ಬಲಗನ್ನಡಿ ತಿರುಗಿಸೂದು. ನಮ್ಮ ಕಾರಿನ ಹಿಂದಿನ ಮೂಲೆ ಒಂಚೂರು ಕಂಡರೆ ಸಾಕು. ಆಮೇಲೆ ನೆಟ್ಟಗೆ ಕೂತರೆ ನಮ್ಮ ಕಾರು ಕಾಣೂದೇ ಇಲ್ಲ, ಬದಿಯ ರಸ್ತೆ ಕಾಣ್ತದೆ. ಎಡದ್ದಕ್ಕೆ ಕಾರಿನ ನಡುವಿಗೆ ವಾಲಬೇಕು. ಡ್ರೈವಿಂಗ್ ಶಾಲೆಯ ಮಾಸ್ತರು ಹೇಳಿಕೊಟ್ಟದ್ದು."

"ನಮ್ಮ ಕಾರೇ ಕಾಣದಿದ್ರೆ ಎಂತಾ ಕನ್ನಡಿ ಅದು?"

"ನಮ್ಮ ಕಾರು ಎಲ್ಲಿ ಉಂಟು ಹೇಳಿ ನಿಮಗೆ ಸಂಶಯವಾ? ಅದರ ಒಳಗೇ ಇರ್ತೀರಲ್ಲ."

ಇಪ್ಪತ್ತು ವರ್ಷದ ಅನುಭವವಿರುವವನಿಗೆ ಇದೆಲ್ಲ ಬೇಕಿಲ್ಲ ಎಂದೆ. ಅಷ್ಟು ಸಾಕಾಯಿತು. ಆಕೆ ಇಳಿದು ಬಂದಳು, ನನ್ನನ್ನು ಸೀಟಿನಲ್ಲಿ ಕೂರಿಸಿದಳು, ಕನ್ನಡಿಗಳನ್ನು ನನ್ನ ಪದ್ಧತಿಯಂತೆ ಇಟ್ಟುಕೊಳ್ಳಲು ಹೇಳಿದಳು. ನಾನು ಸಂತೋಷದಿಂದ ಇಳಿದು ಹೋಗಿ ಎಡಗನ್ನಡಿಯನ್ನು ಮೊದಲಿನಂತೆ ಮಡಚಿ ಬಂದೆ, ಬಲದಲ್ಲಿ ಬಾಗಿಲು ತಂದುಕೊಂಡೆ, ಒಳಗಿನದನ್ನು ಮೀನಿನ ಸೀಟಿಗೆ ಇಳಿಸಿದೆ. ಆಕೆ ರಂಗೋಲಿ ಹುಡಿಯ ಡಬ್ಬಿ ತಂದು ಅಂಗಳದಲ್ಲಿ ಕಾರಿನ ಸುತ್ತ ಒಂದು ದೊಡ್ಡ ಗೆರೆ ಎಳೆದಳು. ಅದರ ಮೇಲೆ ನಡೆಯಲು ಒಬ್ಬರು ಬೇಕಿತ್ತು.

ಅಷ್ಟೊತ್ತಿಗೆ ಕೇಣಿಯಿಂದ ಮೀನು ತರುವ ಅಮ್ಮ ಗೇಟು ದಾಟಿ ಬಂದಳು. ಹತ್ತು ವರ್ಷದಿಂದ ನಮ್ಮ ಓಣಿಗೆ ಮೀನು ತರುವವಳು. ತಲೆಯ ಮೇಲೆ ಬುಟ್ಟಿ, ಬಾಯಲ್ಲಿ ಎಲೆಅಡಿಕೆ. ನನಗೆ ತಮ್ಮ ಎನ್ನುತ್ತಾಳೆ, ನನ್ನ ಹೆಂಡತಿಗೆ ಶಾಲೆಯ ಮಕ್ಕಳ ಹಾಗೆ ಅಕ್ಕೋರೇ ಎನ್ನುತ್ತಾಳೆ.

"ಅಮ್ಮಾ, ಈ ಗೆರೆ ಮೇಲೆ ಹಿಂದಿಂದ ಮುಂದೆ ಒಂದು ಸುತ್ತು ಬರ್ತ್ಯಾ? ನೀ ಕಂಡಷ್ಟು ಹೊತ್ತು ಇವರು 'ಕಂಡಿತು' ಹೇಳ್ತರು," ಎಂದಳು ಹೆಂಡತಿ.

"ಎಂತದು ಅಕ್ಕೋರೇ, ತಮ್ಮಂಗೆ ಕಣ್ಣು ಮಂಜಾಯ್ತಾ?"

"ಕಣ್ಣು ಸರಿ ಉಂಟು. ಅಹಂಕಾರದ ಮಂಜು ಅಷ್ಟೇ."

ಮೀನಿನ ಅಮ್ಮ ಬುಟ್ಟಿ ಇಳಿಸಲಿಲ್ಲ, ಹಾಗೆಯೇ ನಡೆದಳು. ಬಲಬದಿಯಲ್ಲಿ ನಾನು "ಕಂಡಿತು, ಕಂಡಿತು" ಎನ್ನುತ್ತಿದ್ದವನು ನಡುವೆ ನಾಲ್ಕು ಹೆಜ್ಜೆ ಸುಮ್ಮನಾಗಬೇಕಾಯಿತು. ಎಡಬದಿಯಲ್ಲಿ ಆಕೆ ಕಾರಿನ ಹಿಂದೆ ಕಾಲಿಟ್ಟವಳು ಮುಂದಿನ ಬಾಗಿಲ ಹತ್ತಿರ ಬರುವವರೆಗೆ ನಾನು ಬಾಯಿ ತೆರೆಯಲಿಲ್ಲ.

"ತಮ್ಮಾ, ನಾ ಇದ್ದೆನಾ, ಹೋದೆನಾ?" ಎಂದು ಎಲ್ಲಿಂದಲೋ ಧ್ವನಿ ಕೇಳಿತು.

"ಕಾಣೂದಿಲ್ಲ."

"ಇಷ್ಟು ದೊಡ್ಡ ಹೆಂಗಸು ಕಾಣೂದಿಲ್ವಾ! ತಲೆ ಮೇಲೆ ಬುಟ್ಟಿ ಬೇರೆ. ಶಿವನೇ." ಎಡಗಿಟಕಿಯಲ್ಲಿ ಮುಖ ಬಂತು, ಬಂಗಡೆಯ ವಾಸನೆ ಅದಕ್ಕಿಂತ ಸ್ವಲ್ಪ ಮೊದಲೇ ಬಂದಿತ್ತು. "ಹಂಗಾರೆ ಹೋದ ಮಳೆಗಾಲ ಓಣಿಲಿ ನನ್ನ ಬುಟ್ಟಿ ಬೀಳ್ಸಿದ್ದು ಹಿಂಗೇ ಅಲ್ದಾ? ಅವತ್ತು ಎಂತಾ ಹೇಳ್ದೆ ನೀನು? ನೀವು ಒಮ್ಮೆಲೇ ಬಂದ್ರಿ ಹೇಳ್ದೆ. ನಾ ಅದೇ ಓಣಿಲಿ ಹತ್ತು ವರ್ಷದಿಂದ ಬರ್ತೆ ಉಂಟು ತಮ್ಮಾ. ಇನ್ನೂ ಎಷ್ಟು ನಿಧಾನ ಬರೂದು?"

ಹೆಂಡತಿ ನಗಲಿಲ್ಲ. ನಗುವ ಅಗತ್ಯವೂ ಇರಲಿಲ್ಲ, ಮೀನಿನ ಅಮ್ಮ ಇಬ್ಬರ ಪಾಲಿನದನ್ನೂ ನಕ್ಕಳು. ಆಮೇಲೆ ಹೆಂಡತಿ ಎಡಗನ್ನಡಿ ಬಿಡಿಸಿ ಬಂದು ಸೀಟಿನಲ್ಲಿ ಕುಳಿತಳು. ಮೊದಲು ಸೀಟು ಮುಂದೆ ಎಳೆದುಕೊಂಡಳು. ಸೀಟು ಸರಿಯಾಗದೆ ಕನ್ನಡಿ ಮುಟ್ಟಬಾರದಂತೆ. ಒಳಗಿನ ಕನ್ನಡಿಗೆ ಹಿಂದಿನ ಗಾಜು ಪೂರ್ತಿ ತಂದುಕೊಂಡಳು. ಬಲಕ್ಕೆ ಗಾಜಿನವರೆಗೆ ವಾಲಿ ಒಂದು, ಎಡಕ್ಕೆ ಗೇರಿನ ಮೇಲೆ ವಾಲಿ ಇನ್ನೊಂದು. ಎಲ್ಲ ಸೇರಿ ಅರ್ಧ ನಿಮಿಷ. ಮೀನಿನ ಅಮ್ಮ ಮತ್ತೆ ಸುತ್ತು ಬಂದಳು. ಒಳಗಿನ ಕನ್ನಡಿಯಿಂದ ಜಾರಿದವಳು ಪಕ್ಕದ ಕನ್ನಡಿಗೆ ಬಂದಳು, ಅಲ್ಲಿಂದ ಜಾರಿದವಳು ಕಣ್ಣಿನ ಅಂಚಿಗೇ ಬಂದಳು. "ಕಂಡಿತು" ಎಂಬುದು ಎಲ್ಲಿಯೂ ಕಡಿಯಲಿಲ್ಲ.

"ಅಕ್ಕೋರ ಕೈಯಿಂದ ತಪ್ಪಿಸ್ಕಂಡು ಹೋಗೂಕೆ ಆಗೂದಿಲ್ಲ," ಎಂದು ಬುಟ್ಟಿ ಇಳಿಸಿದಳು. "ಶಾಲೆಲಿ ಮಕ್ಕಳದು ಎಂತಾ ಗತಿಯೋ."

ನಾನು ಇದನ್ನೆಲ್ಲ ಒಪ್ಪಿಕೊಂಡೆನೇ? ಇಲ್ಲ. ನಿಂತ ಕಾರು, ನಡೆಯುವ ಹೆಂಗಸು, ರಂಗೋಲಿ. ಇದು ಹೈವೇ ಅಲ್ಲ ಎಂದೆ. ಡೆಸ್ಕಿನಲ್ಲಿ ಕುಳಿತವರಿಗೆ ಸೋತ ವಾದವನ್ನು ಒಳಪುಟಕ್ಕೆ ತಳ್ಳುವುದು ಗೊತ್ತಿರುತ್ತದೆ.

ಭಾನುವಾರ ಹೊರಟೆವು. ಓಣಿ ದಾಟುವಾಗ ಕನ್ನಡಿ ಮಡಚಿದ್ದಳು. ರಸ್ತೆಗೆ ಬಂದದ್ದೇ ಕಾರು ಬದಿಗೆ ನಿಲ್ಲಿಸಿ, ಇಳಿದು, ಸುತ್ತು ಹಾಕಿ ಹೋಗಿ ಎಡಗನ್ನಡಿ ಬಿಡಿಸಿದಳು. ನಾನು ಅದರ ಪಕ್ಕದಲ್ಲೇ ಕುಳಿತಿದ್ದೆ. ಕೈ ಹಾಕಬಹುದು ಎಂದು ನನಗೂ ಹೊಳೆಯಲಿಲ್ಲ, ಆಕೆಯೂ ಹೇಳಲಿಲ್ಲ. ಬಂದು ಕುಳಿತು ಮತ್ತೆ ಎರಡೂ ಬದಿ ವಾಲಿ ನೋಡಿಕೊಂಡಳು.

ಅವರ್ಸಾ ಕಳೆಯಿತು, ಅಮದಳ್ಳಿ ಕಳೆಯಿತು. ತಪ್ಪು ಹುಡುಕಲು ನಾನು ಪಟ್ಟ ಶ್ರಮ ಇಪ್ಪತ್ತೆರಡು ವರ್ಷದಲ್ಲಿ ಯಾವ ಪ್ರೂಫಿನ ಮೇಲೂ ಪಟ್ಟದ್ದಲ್ಲ. ಇಲ್ಲದ ಬ್ರೇಕನ್ನು ನನ್ನ ಬಲಗಾಲು ಒತ್ತುತ್ತಲೇ ಇತ್ತು.

ಬಿಣಗಾ ಬರುವ ಮೊದಲು ನಮ್ಮ ಮುಂದೆ ಒಂದು ಲಾರಿ ನಿಧಾನ ಹೋಗುತ್ತಿತ್ತು. ಬಲದ ಲೇನಿಗೆ ಬಂದು ದಾಟಿದಳು. ಚೆನ್ನಾಗಿಯೇ ದಾಟಿದಳು. ಈಗ ಎಡದ ಲೇನಿಗೆ ಮರಳಬೇಕು. ಲಾರಿ ಸಾಕಷ್ಟು ಹಿಂದೆ ಉಳಿದಿತ್ತು. ನಾನು ತಿರುಗಿ ಹಿಂದಿನ ಗಾಜಿನಲ್ಲಿ ನೋಡಿದೆ. ಲಾರಿ ಬಿಟ್ಟರೆ ಬರೀ ರಸ್ತೆ.

"ಖಾಲಿ ಉಂಟು. ತಗೋ ಎಡಕ್ಕೆ."

ಆಕೆ ಇಂಡಿಕೇಟರ್ ಹಾಕಿದಳು. ಕನ್ನಡಿ ನೋಡಿದಳು. ವೇಗ ಇಳಿಸಿದಳು, ಎಡಕ್ಕೆ ತೆಗೆದುಕೊಳ್ಳಲಿಲ್ಲ.

"ತಗೋ ಮಾರಾಯ್ತಿ, ಖಾಲಿ ಉಂಟು!"

ಆಗ ನನ್ನ ಎಡಗಿಟಕಿಯ ಪಕ್ಕದಲ್ಲಿ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ, ಒಂದು ಸ್ಕೂಟರ್ ಹೋಯಿತು. ಹಿಂದೆ ನೀಲಿ ಬಣ್ಣದ ಎರಡು ಮೀನಿನ ಕ್ರೇಟು, ಸವಾರನ ಭುಜಕ್ಕೂ ಕಿವಿಗೂ ನಡುವೆ ಮೊಬೈಲು. ನಾನು ನೋಡುವಾಗ ಅವನು ನಮ್ಮ ಕಾರಿನ ಹಿಂದಿನ ಗಾಜಿಗೂ ಬಾಗಿಲಿಗೂ ನಡುವಿನ ಕಂಬದ ಮರೆಯಲ್ಲಿ ಇದ್ದ. ಯಾರಿಗೋ ಐಸ್ ಸಾಕಾಗುವುದಿಲ್ಲ ಎಂದು ಹೇಳುತ್ತಿದ್ದ. ನಮ್ಮನ್ನು ನೋಡಲೂ ಇಲ್ಲ.

ಅವನು ಮುಂದೆ ಹೋದ ಮೇಲೆ ಆಕೆ ಮತ್ತೊಮ್ಮೆ ಕನ್ನಡಿ ನೋಡಿ, ಕತ್ತು ತಿರುಗಿಸಿ ಭುಜದ ಮೇಲಿಂದಲೂ ನೋಡಿ, ಎಡಕ್ಕೆ ಬಂದಳು.

"ಕಂಡಿತಾ?" ಎಂದಳು.

"ಕಂಡಿತು."

"ಯಾವಾಗ?"

"ಮುಂದೆ ಹೋದ ಮೇಲೆ."

"ನಂಗೆ ಲಾರಿಯ ಬದಿಯಿಂದ ಬರುವಾಗಲೇ ಕಂಡಿತ್ತು."

ನನ್ನ ತಲೆಯಲ್ಲಿ ಆಗಲೇ ಸುದ್ದಿ ತಯಾರಾಗಿತ್ತು, ಅಭ್ಯಾಸ. 'ಎಡಬದಿಯಿಂದ ಏಕಾಏಕಿ ಬಂದ ಸ್ಕೂಟರಿಗೆ ಕಾರು ಡಿಕ್ಕಿ.' ಈ 'ಏಕಾಏಕಿ'ಯನ್ನು ನಾನು ಎಷ್ಟು ಸುದ್ದಿಗಳಲ್ಲಿ ಹಾಕಿದ್ದೇನೋ ಲೆಕ್ಕವಿಲ್ಲ. ಇಲ್ಲದ ಕಡೆ ಸೇರಿಸಿದ್ದೂ ಉಂಟು, ಸಾಲು ತುಂಬುತ್ತದೆ ಎಂದು. ದನ ಏಕಾಏಕಿ ಬರುತ್ತದೆ, ಸೈಕಲ್ ಏಕಾಏಕಿ ಬರುತ್ತದೆ, ಮುದುಕ ಏಕಾಏಕಿ ಬರುತ್ತಾನೆ. ಈ ಹುಡುಗ ಲಾರಿಯ ಹಿಂದಿನಿಂದ ಐಸಿನ ಚಿಂತೆ ಮಾಡುತ್ತ ಸಾವಧಾನವಾಗಿ ಬಂದಿದ್ದ. ಹೆಂಡತಿ ನನ್ನ ಮಾತು ಕೇಳಿದ್ದರೆ ಅವನ ಹೆಸರು ಮರುದಿನ ನಮ್ಮ ಮೂರನೇ ಪುಟದಲ್ಲಿ ಇರುತ್ತಿತ್ತು, ಜತೆಗೆ ತಪ್ಪೂ ಅವನದೇ ಎಂದು ನಾನು ಒಂದು ಪದದಲ್ಲಿ ಮುಗಿಸುತ್ತಿದ್ದೆ.

ಸುರಂಗ ದಾಟಿ, ಕಾರವಾರ ದಾಟಿ, ಕಾಳಿ ಸೇತುವೆಯ ಮೇಲೆ ಬಂದೆವು. ಚಿತ್ತಾಕುಲದ ಶಾಲೆಯ ಗೇಟಿಗೆ ಬೀಗ ಹಾಕಿತ್ತು. ಆಕೆ ಇಳಿದು, ಗೇಟಿನ ಸರಳು ಹಿಡಿದು ಒಳಗೆ ನೋಡಿದಳು. ಅಂಗಳದ ನಲ್ಲಿಯೊಂದು ಸೋರುತ್ತಿತ್ತು. "ನಾಳೆ ಮೊದಲು ಇದು," ಎಂದಳು. ಪತ್ರ ಡ್ಯಾಶ್‌ಬೋರ್ಡಿನೊಳಗೇ ಉಳಿಯಿತು. ವಾಪಸು ಬರುವಾಗ ನಾನು ಬಾಯಿ ಬಿಟ್ಟದ್ದು ಒಮ್ಮೆ ಮಾತ್ರ, ಚಹಾ ಕುಡಿಯೋಣವೇ ಎಂದು ಕೇಳಲು.

ಸೋಮವಾರ ನಾನು ಏಳು ಗಂಟೆಗೆ ಎದ್ದಿದ್ದೆ. ಇದನ್ನೂ ದಾಖಲಿಸಬೇಕು. ರಾತ್ರಿ ಇಬ್ಬನಿ ಬಿದ್ದು ಹೊರಗಿನ ಎರಡೂ ಕನ್ನಡಿ ಮಂಜಾಗಿದ್ದವು. ಆಕೆ ಗಂಜಿ ಹಾಕಿದ ಸೀರೆಯಲ್ಲಿ ಕಾರಿನ ಪಕ್ಕ ನಿಂತು ಕೈ ಚಾಚಿದಳು. "ಒರೆಸೂಕೆ ಒಂದು ಕಾಗದ ಕೊಡಿ."

ಡ್ಯಾಶ್‌ಬೋರ್ಡ್ ತೆರೆದೆ. ಕೈಗೆ ಸಿಕ್ಕಿದ್ದು ನಾನು ಬರೆದ ಪತ್ರ. ಕೊಟ್ಟೆ. ಆಕೆ ಅದನ್ನು ಬಿಚ್ಚಿ ನೋಡಿದಳು, ನನ್ನನ್ನು ನೋಡಿದಳು, ಮುದ್ದೆ ಮಾಡಿ ಎಡಗನ್ನಡಿ ತಿಕ್ಕಿದಳು. ನೀರು ಹೀರಲಿಲ್ಲ, ಗಾಜಿನ ತುಂಬ ಗೆರೆ ಎದ್ದವು.

"ಇದು ಯಾವುದಕ್ಕೂ ಬರೂದಿಲ್ಲ," ಎಂದಳು. "ನಿಮ್ಮ ಪೇಪರ್ ತನ್ನಿ."

ಭಾನುವಾರದ ಪತ್ರಿಕೆ ತಂದೆ. ಮೂರನೇ ಪುಟ ಹರಿದುಕೊಟ್ಟೆ. ಒಂದೇ ಉಜ್ಜಿಗೆ ಗಾಜು ಸ್ವಚ್ಛವಾಯಿತು. ಆಕೆ ಸೀಟಿನಲ್ಲಿ ಕುಳಿತು ತಲೆಯನ್ನು ಬಲಗಿಟಕಿಗೆ ತಾಗಿಸಿದಳು. ನಾನು ಓಣಿಯ ತುದಿಯವರೆಗೆ ಕಾರಿನ ಹಿಂದೆ ನಡೆದು ಹೋಗಿ, ಕಾರು ರಸ್ತೆಗೆ ಬಂದು ನಿಂತಾಗ ಎಡಗನ್ನಡಿ ಬಿಡಿಸಿಕೊಟ್ಟೆ. ಒಳಗಿನಿಂದ ಆಕೆ ಬೆರಳು ತೋರಿಸುತ್ತಿದ್ದಳು: ಇನ್ನೂ ಹೊರಗೆ, ಇನ್ನೂ ಸ್ವಲ್ಪ, ಸಾಕು.