ಚಪ್ಪರದ ಮೊದಲ ಕಂಬ

ಹೋದ ಭಾನುವಾರ ನಾನು ಎಲ್ಲರಿಗಿಂತ ಜೋರಾಗಿ ‘ಆಮೆನ್’ ಅಂದೆ. ಸಂಜೆಯಾಗುವಷ್ಟರಲ್ಲಿ ಅದನ್ನು ವಾಪಸ್ ತೆಗೆದುಕೊಳ್ಳಬೇಕಾಯಿತು.

ಆಗಿದ್ದಿಷ್ಟು. ಬಿಳಿಕೆರೆಯಲ್ಲಿ ಪರಿಚಯದವರ ಮನೆಯಲ್ಲಿ ಪ್ರಾರ್ಥನಾ ಕೂಟವಿತ್ತು. ಬೆಳಿಗ್ಗೆ ಹುಣಸೂರಿನ ಚರ್ಚಿನಲ್ಲಿ ಪೂಜೆ ಮುಗಿಸಿ (ನಾವು ಕ್ರೈಸ್ತರೂ ‘ಪೂಜೆ’ ಅಂತಲೇ ಅನ್ನುವುದು) ಬಸ್ ಹತ್ತಿ ಹೋದೆ. ಹೊರಗಿನಿಂದ ಬಂದಿದ್ದ ಬೋಧಕರೊಬ್ಬರು ಮಾತಾಡಿದರು. ಒಳ್ಳೆಯ ಕಂಠ, ಅದಕ್ಕಿಂತ ಒಳ್ಳೆಯ ಮೈಕು.

“ದೇವರು ಮೊದಲು ಯೆಹೂದ್ಯರನ್ನು ಆರಿಸಿಕೊಂಡ. ಅವರು ಯೇಸುವನ್ನು ಒಪ್ಪಲಿಲ್ಲ. ದೇವರು ಅವರನ್ನು ಕೈಬಿಟ್ಟ. ಅವರ ಜಾಗಕ್ಕೆ ಯಾರನ್ನು ತಂದ? ನಿಮ್ಮನ್ನು!”

ಯಾರಿಗೆ ಖುಷಿಯಾಗುವುದಿಲ್ಲ ಹೇಳಿ? ರಶ್ಶಾದ ಬಸ್ಸಿನಲ್ಲಿ ನಿಂತಿದ್ದವರಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಂತಾಯಿತು. ಅಲ್ಲಿ ಮೊದಲು ಕೂತಿದ್ದವರು ಎಲ್ಲಿ ಹೋದರು ಅಂತ ಯಾರಾದರೂ ಕೇಳುತ್ತಾರಾ? ನಾನೂ ಕೇಳಲಿಲ್ಲ. ಆಮೆನ್ ಅಂದು, ಉಪ್ಪಿಟ್ಟು ಕೇಸರಿಬಾತ್ ತಿಂದು ಮನೆಗೆ ಬಂದೆ.

ಮನೆಯಲ್ಲಿ ಚಪ್ಪರದ ಮಾತು ನಡೆದಿತ್ತು. ಮಗಳು ರೀಟಾಳ ಮದುವೆ ಹತ್ತಿರ ಬಂದಿದೆ. ನಮ್ಮ ಮನೆತನದಲ್ಲಿ ಚಪ್ಪರದ ಮೊದಲ ಕಂಬ ನೆಡುವುದು ಹೆಣ್ಣಿನ ಅಣ್ಣ. ಅವನೇ ಅತ್ತಿಕೊಂಬೆ ತಂದು ಆ ಕಂಬಕ್ಕೆ ಕಟ್ಟಬೇಕು. ಆಮೇಲಷ್ಟೇ ಉಳಿದವರು ಕೈ ಹಾಕುವುದು. (ನಮ್ಮ ಮುತ್ತಜ್ಜ ಗುಡಿ ಬಿಟ್ಟು ಚರ್ಚಿಗೆ ಬಂದರು, ಚಪ್ಪರವನ್ನು ಮಾತ್ರ ಜೊತೆಗೇ ತಂದರು.)

ರೀಟಾಗೆ ಅಣ್ಣ ಇದ್ದಾನೆ. ವಿಲ್ಸನ್, ನಾನು ಹೆತ್ತ ಮಗ. ಎಚ್.ಡಿ. ಕೋಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಎರಡು ವರ್ಷದ ಹಿಂದೆ ನಮಗೆ ಒಂದು ಮಾತೂ ಹೇಳದೆ ರಿಜಿಸ್ಟರ್ ಮದುವೆಯಾದ. ಅವತ್ತಿನಿಂದ ಅಪ್ಪ ಮಗನಿಗೆ ಮಾತಿಲ್ಲ. (ನಾನು ದಿನಾ ಕದ್ದು ಫೋನ್ ಮಾಡುತ್ತೇನೆ. ಯಜಮಾನರಿಗೆ ಗೊತ್ತಿಲ್ಲ ಅಂದುಕೊಂಡಿದ್ದೇನೆ. ನಾನು ಹಾಗೇ ಅಂದುಕೊಂಡಿರಲಿ ಅಂತ ಅವರೂ ಸುಮ್ಮನಿದ್ದಾರೆ.)

ರೀಟಾಳನ್ನು ನಾವು ಮೈಸೂರಿನ ಒಂದು ಆಶ್ರಮದಿಂದ ದತ್ತು ತಂದೆವು. ಆಗ ಅವಳಿನ್ನೂ ತೊದಲು ಮಾತಿನ ಮಗು. “ನಂಗೆ ತಂಗಿ ಬೇಕೇ ಬೇಕು” ಅಂತ ಹಟ ಹಿಡಿದವನು ವಿಲ್ಸನ್. ಹೊಸಿಲು ದಾಟುವಾಗ ಅವಳು ಹಿಡಿದದ್ದು ನನ್ನ ಕೈಯಲ್ಲ, ಅವನ ಕೈ.

ಭಾನುವಾರ ಸಂಜೆ ಯಜಮಾನರು ತೀರ್ಪು ಕೊಟ್ಟೇಬಿಟ್ಟರು. “ಮೊದ್ಲು ಕಂಬ ನಮ್ ಭಾವ ನೆಡ್ಲಿ. ಇಲ್ದಿರೋನ್ನ ಎಲ್ಲಿಂದ ತರಾನ?” ಭಾವ ಅಂದರೆ ನನ್ನ ಅಣ್ಣ, ರೀಟಾಳ ಸೋದರಮಾವ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಅವರೆಕಾಯಿ ಸುಲಿಯುತ್ತ ಕೂತಿದ್ದ ರೀಟಾಳ ತಲೆ ನೇವರಿಸಿ, “ನಂಗೆ ಮಗ ಅನ್ನೋನೇ ಇಲ್ಲ ಕಣವ್ವ. ಇರೋಳು ನೀನೊಬ್ಳೇಯ. ಈ ಮನೇಲಿ ಅವನ ಜಾಗವೂ ನಿಂದೇ” ಅಂದರು.

ಪ್ರೀತಿಯಿಂದಲೇ ಅಂದರು. ಹುಡುಗಿ ಹಿಗ್ಗುತ್ತಾಳೆ ಅಂದುಕೊಂಡೆ. ಅವಳ ಕೈ ನಿಂತಿತು. ಮುಖ ಬಿಳಿಚಿಕೊಂಡಿತು.

“ಹೆತ್ತ ಮಗನ್ನೇ ಇಲ್ಲ ಅಂತೀರಲ್ಲಪ್ಪ, ನಾಳೆ ನಾನೊಂದು ತೆಪ್ಪು ಮಾಡುದ್ರೆ ನನ್ನ ಇಲ್ಲ ಅನ್ನೋಕೆ ನಿಮ್ಗೆ ಎಷ್ಟೊತ್ತು ಬೇಕು?”

ಯಜಮಾನರು ಅವಳ ತಲೆಯ ಮೇಲಿದ್ದ ಕೈ ತೆಗೆದರು.

“ಅಣ್ಣನ ಜಾಗ ನಂಗೆ ಬ್ಯಾಡ. ನನ್ ಜಾಗ ಗಟ್ಟಿಯಾಗಿದ್ರೆ ಸಾಕು” ಅಂದವಳೇ ಮೊರ ಅಲ್ಲೇ ಬಿಟ್ಟು ಒಳಗೆ ಹೋದಳು.

ಇಷ್ಟು ವರ್ಷ ನಮ್ಮ ಜೊತೆ ಉಂಡು ಬೆಳೆದ ಮಗಳ ಎದೆಯಲ್ಲಿ ಆ ಭಯ ಇನ್ನೂ ಇತ್ತಾ? ಇತ್ತೋ ಇಲ್ಲವೋ, ಅವತ್ತು ನಾವೇ ಹುಟ್ಟಿಸಿದೆವು. ಅದೇ ಹೊತ್ತಿಗೆ ಮಧ್ಯಾಹ್ನದ ನನ್ನ ಆಮೆನ್ ನೆನಪಾಯಿತು. ಬೋಧಕರು ನನಗೆ ಹೇಳಿದ್ದೂ ಇದೇ ಮಾತಲ್ಲವಾ? ‘ಹಿರಿಯ ಮಗನನ್ನು ಬಿಟ್ಟೆ, ಅವನ ಜಾಗ ನಿನಗೆ.’ ನನಗಿಂತ ನನ್ನ ಮಗಳು ಜಾಣೆ. ಅವಳು ಹೆದರಿದಳು, ನಾನು ಕೇಸರಿಬಾತ್ ತಿಂದೆ.

ಸೋಮವಾರ ನಮ್ಮ ಫಾದರ್ ಹತ್ತಿರ ಹೋಗಿ ಕೇಳಿದೆ. ಅವರು ನಕ್ಕರು. “ಶತಮಾನಗಟ್ಟಲೆ ನಮ್ಮವರೂ ಹಾಗೇ ಬೋಧಿಸ್ತಿದ್ರಮ್ಮ. ಅದರಿಂದ ಯೆಹೂದ್ಯರು ಪಟ್ಟ ಪಾಡು ಅಷ್ಟಿಷ್ಟಲ್ಲ. ಈಗ ನಮ್ಮ ಧರ್ಮಸಭೆ ಆ ಮಾತು ಬಿಟ್ಟಿದೆ. ದೇವರು ಅವರ ಜೊತೆ ಮಾಡಿಕೊಂಡ ಒಡಂಬಡಿಕೆ ಇವತ್ತಿಗೂ ಇದೆ, ಕೊಟ್ಟ ಮಾತನ್ನು ಆತ ಹಿಂದಕ್ಕೆ ತಗೊಳ್ಳಲ್ಲ. ಒಪ್ಪದ ಕ್ರೈಸ್ತರೂ ಇದ್ದಾರೆ, ವಾದ ನಡೀತಾನೇ ಇದೆ” ಅಂದರು. ಆಮೇಲೆ, “ನಾವು ಕಸಿ ಕಟ್ಟಿದ ಕೊಂಬೆ. ಬೇರು ನಮ್ಮನ್ನ ಹೊತ್ತಿದೆ, ನಾವು ಬೇರನ್ನಲ್ಲ” ಅಂತಲೂ ಸೇರಿಸಿದರು. (ಇದು ಟಿವಿಯಲ್ಲಿ ಬರುವ ಯುದ್ಧದ ಮಾತಲ್ಲ. ಯಾವ ಸರ್ಕಾರ ಮಾಡಿದ್ದು ಸರಿ ಅನ್ನುವುದು ಬೇರೆಯೇ ಪ್ರಶ್ನೆ.)

ನಾನು ಇವತ್ತಿನವರೆಗೆ ಒಬ್ಬ ಯೆಹೂದ್ಯನನ್ನೂ ಕಣ್ಣಾರೆ ಕಂಡಿಲ್ಲ. ಹುಣಸೂರಿಗೆ ಅವರು ಎಲ್ಲಿಂದ ಬರಬೇಕು? ಆದರೂ ಅವತ್ತು ಚರ್ಚಿನಿಂದ ಬರುವ ದಾರಿಯಲ್ಲಿ ಯೋಚಿಸಿದೆ. ಹೆರಿಗೆ ನೋವಿನಲ್ಲಿ ನಾನು ಹೇಳಿಕೊಂಡ ಬೈಬಲಿನ ಕೀರ್ತನೆ ಅವರದು. ದಿನಾ ಮೇಣದಬತ್ತಿ ಹಚ್ಚಿ ಕೈ ಮುಗಿಯುವ ಮಾತೆ ಮರಿಯ ಅವರ ಮನೆಯ ಮಗಳು. ಯೇಸುವಿಗೆ ಅಮ್ಮ ಕಲಿಸಿದ ಪ್ರಾರ್ಥನೆ ಅವರ ಪ್ರಾರ್ಥನೆ. ದೇವರ ಮನೆಯ ಹೊಸಿಲನ್ನು ನಾನು ಅವರ ಕೈ ಹಿಡಿದೇ ದಾಟಿದ್ದು. ನೋಡದೇ ಇರುವ ಜನರ ಬಗ್ಗೆ ಇಷ್ಟೊಂದು ಕೃತಜ್ಞತೆ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಕಣ್ಣು ತುಂಬಿ, ಸಂತೆ ಸಾಮಾನು ತರುವುದನ್ನೇ ಮರೆತು ಮನೆಗೆ ಬಂದೆ.

ಹೋಲಿಕೆ ಪೂರ್ತಿ ಹೊಂದುವುದಿಲ್ಲ ಬಿಡಿ. ವಿಲ್ಸನ್ ಮನೆ ಬಿಟ್ಟು ಹೋದವನು. ಅವರು ಎಲ್ಲಿಗೂ ಹೋಗಲಿಲ್ಲ, ಇಂದಿಗೂ ಅದೇ ದೇವರನ್ನು ಕರೆಯುತ್ತಲೇ ಇದ್ದಾರೆ. ಆಮೇಲೆ ಒಳಗೆ ಬಂದ ನಾವೇ ಅವರಿಗೆ ಬಾಗಿಲು ಹಾಕಲು ಹೋದೆವು.

ಬುಧವಾರ ಚಪ್ಪರ. ಬೆಳಿಗ್ಗೆ ನನ್ನ ಅಣ್ಣ ಅತ್ತಿಕೊಂಬೆ ಹಿಡಿದುಕೊಂಡು ಬಂದು, ಬಾಗಿಲ ಬಲಗಡೆಯ ಗುಂಡಿಯ ಹತ್ತಿರ ನಿಂತ. ಯಜಮಾನರು ಹಾರೆ ಅಡ್ಡ ಹಿಡಿದರು.

“ಭಾವ, ಅದೊಂದು ಬುಟ್ಬುಡಿ. ಪದ್ಧತಿ ತೆಪ್ಪುದ್ರೂ ಆಯ್ತು, ಉಳುದ್ವ ನೆಡಾನ.”

“ಅವ್ನು ಬರ್ದೇವೋದ್ರೆ?” ಅಂದ ಅಣ್ಣ.

“ಬಂದ್ರೂ ಅವುಂದೇಯ, ಬರ್ದಿದ್ರೂ ಅವುಂದೇಯ.”

ಬಾಗಿಲಲ್ಲಿ ನಿಂತಿದ್ದ ರೀಟಾ ಅಪ್ಪನನ್ನೇ ನೋಡುತ್ತಿದ್ದಳು. ಭಾನುವಾರದಿಂದ ಬಿಗಿದುಕೊಂಡಿದ್ದ ಅವಳ ಮುಖ ಸಡಿಲವಾಯಿತು. ಓಡಿ ಬಂದು ಅಪ್ಪನ ತೋಳು ಹಿಡಿದು ಅತ್ತಳು. ಗಮನಿಸಿ, ವಿಲ್ಸನ್ ಇನ್ನೂ ಬಂದಿರಲಿಲ್ಲ. ಅವನಿಗಾಗಿ ಬಿಟ್ಟ ಗುಂಡಿ ನೋಡಿಯೇ ಇವಳಿಗೆ ತನ್ನ ಕಾಲ ಕೆಳಗಿನ ನೆಲ ಗಟ್ಟಿ ಅನ್ನಿಸಿತ್ತು.

ವಿಲ್ಸನ್ ಬಂದ. (ಫೋನ್ ಮಾಡಿದ್ದು ರೀಟಾ. ಈ ಸಲ ನಾನಲ್ಲ, ದೇವರಾಣೆ.) ಮಧ್ಯಾಹ್ನದ ಕೋಟೆ ಬಸ್ಸಿನಲ್ಲಿ ಹೆಂಡತಿಯ ಜೊತೆ ಬಂದಿಳಿದ. ಕೈಯಲ್ಲಿ ಅತ್ತಿಕೊಂಬೆ. ಕಂಡಕ್ಟರ್ ಬೈದರಂತೆ, ಅರ್ಧ ಎಲೆ ಬಸ್ಸಿನಲ್ಲೇ ಉದುರಿತ್ತಂತೆ. ಮಗ ಕಂಬ ಇಳಿಸಿದ, ಅಪ್ಪ ಮಣ್ಣು ತುಳಿದರು.

ಕೊನೆಗೆ ಅಪ್ಪನ ಬಾಯಿಂದ ಬಂತು: “ವಸಿ ಈ ಕಡೀಕೆ ತಿರುಗ್ಸು ಕಣ್ಲಾ, ಸೊಟ್ಟಗದೆ.”

ಎರಡು ವರ್ಷದಲ್ಲಿ ಆಡಿದ ಮೊದಲ ಮಾತು. ನಾನು ಸೊಸೆಯ ಕೈ ಹಿಡಿದು ಕಾಫಿ ಮಾಡಲು ಒಳಗೆ ಕರೆದುಕೊಂಡು ಹೋದೆ. ಅಡುಗೆಮನೆಯಲ್ಲಿ ನಿಂತು, ಹೆಸರೂ ಗೊತ್ತಿಲ್ಲದ ದೂರದ ಆ ಜನರಿಗೊಂದು ಥ್ಯಾಂಕ್ಸ್ ಹೇಳಿದೆ. ಅವರ ದೇವರಿಗೂ ಹೇಳಿದೆ, ಅಂದರೆ ನನ್ನ ದೇವರಿಗೂ.

ಆ ಬೋಧಕರು ಮತ್ತೆ ಸಿಕ್ಕರೆ ಕೇಳಬೇಕೆಂದಿದ್ದೇನೆ: ಮೊದಲು ಕೊಟ್ಟ ಮಾತನ್ನೇ ಮುರಿಯುವವನು ದೇವರಾದರೆ, ನನಗೆ ಕೊಟ್ಟ ಮಾತಿಗೆ ನಾನು ಯಾವ ಧೈರ್ಯದ ಮೇಲೆ ಆಮೆನ್ ಅನ್ನಲಿ ಸ್ವಾಮಿ?